ದೀರ್ಘ ಉಸಿರಾಟ: ಎಳೆಯುವುದಕ್ಕಿಂತ ಬಿಡುವುದು ಮುಖ್ಯ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕೂಗುವ ಹೊತ್ತಿಗೆ ಬೆಳೆಗಾರರ ಎದೆಬಡಿತ ಏರಿರುತ್ತದೆ. ಉಸಿರು ಎದೆಯ ಮೇಲ್ಭಾಗದಲ್ಲೇ ಗಡಿಬಿಡಿಯಲ್ಲಿ ಆಡುತ್ತಿರುತ್ತದೆ. ‘ಜೋರಾಗಿ ಉಸಿರು ಎಳ್ಕೊಳಣ್ಣ’ ಎಂದು ಪಕ್ಕದವರು ಹೇಳುತ್ತಾರೆ. ನಾವೂ ಭುಜ ಎತ್ತಿ, ಎದೆ ಉಬ್ಬಿಸಿ ಎಳೆಯುತ್ತೇವೆ. ಆದರೆ ಎದೆಬಡಿತ ಇಳಿಸುವುದು ನಿಧಾನವಾಗಿ ಬಿಡುವ ಉಸಿರು.

ಸುಮ್ನೆ ಕೂತಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಒಂದು ಉಸಿರಿಗೆ ಸುಮಾರು 500 ಮಿ.ಲೀ. ಗಾಳಿ ಒಳಗೆ ಹೋಗುತ್ತದೆ. ಅದರಲ್ಲಿ ಸುಮಾರು 150 ಮಿ.ಲೀ. ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿಯುತ್ತದೆ. ರಕ್ತಕ್ಕೆ ಆಮ್ಲಜನಕ ಸೇರುವ ಜಾಗದವರೆಗೆ ಅದು ಹೋಗುವುದೇ ಇಲ್ಲ. ಚಿಕ್ಕ ಚಿಕ್ಕ ಉಸಿರು ಎಳೆದಷ್ಟೂ ಹೀಗೆ ಕೆಲಸಕ್ಕೆ ಬಾರದ ಗಾಳಿಯ ಪಾಲೇ ಜಾಸ್ತಿ. ಉದ್ದವಾಗಿ ಉಸಿರು ಬಿಡುವಾಗ ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಬಡಿತವನ್ನು ನಿಧಾನ ಮಾಡುತ್ತದೆ. ಮನಸ್ಸು ತಣ್ಣಗಾಗುವುದು ಇದರಿಂದ.

ಮೊದಲು ಜಾಗ ನೋಡಿಕೊಳ್ಳಿ. ಲಾರಿ ಓಡಾಡುವ ರಸ್ತೆ, ಕ್ರಷರ್ ಧೂಳು, ಒಲೆ ಹೊಗೆಯ ಹತ್ತಿರ ಬೇಡ. ಹೊಟ್ಟೆ ತುಂಬ ಮುದ್ದೆ ಉಂಡ ಕೂಡಲೇ ಕೂರಬೇಡಿ.

ಚಾಪೆ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ. ಒಂದು ಕೈ ಎದೆ ಮೇಲೆ, ಇನ್ನೊಂದು ಹೊಕ್ಕುಳ ಮೇಲೆ ಇರಲಿ. ಮೊದಲು ಒಳಗಿರುವ ಗಾಳಿಯನ್ನು ಮೆಲ್ಲಗೆ ಬಿಡಿ. ಆಮೇಲೆ ಬಾಯಿ ಮುಚ್ಚಿ, ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಎಳೆಯಿರಿ. ಹೊಟ್ಟೆ ಮೇಲಿನ ಕೈ ಏಳಬೇಕು. ಎದೆ ಮೇಲಿನ ಕೈ ಹೆಚ್ಚು ಕಡಿಮೆ ಅಲ್ಲೇ ಇರಬೇಕು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯುವಿನ ಪರದೆ ಕೆಳಗೆ ಸರಿದಾಗ ಹೊಟ್ಟೆ ಉಬ್ಬುತ್ತದೆ. ಗಾಳಿ ಹೊಟ್ಟೆಗೆ ಹೋಯಿತು ಎಂದಲ್ಲ. ಈಗ ಆರು ಎಣಿಸುತ್ತಾ ಬಿಡಿ. ತಳ್ಳಬೇಡಿ, ತಾನಾಗಿ ಹೋಗಲಿ.

ಈ ಲೆಕ್ಕದಲ್ಲಿ ಒಂದು ಉಸಿರಿಗೆ ಹತ್ತು ಸೆಕೆಂಡು, ನಿಮಿಷಕ್ಕೆ ಆರು ಉಸಿರು. ಶುರುವಿನಲ್ಲಿ ನಾಲ್ಕು, ಆರು ಆಗದಿದ್ದರೆ ಮೂರು, ನಾಲ್ಕು ಸಾಕು. ದಿನಕ್ಕೆ ಎರಡು ಹೊತ್ತು, ಐದೈದು ನಿಮಿಷ ಮಾಡಿ. ಮಲಗಿ ಅಭ್ಯಾಸವಾದ ಮೇಲೆ ಕುರ್ಚಿಯಲ್ಲಿ, ಬಸ್ಸಿನಲ್ಲಿ, ಹರಾಜಿನ ಕಟ್ಟೆ ಮೇಲೆ ಕೂತೂ ಮಾಡಬಹುದು.

ತಲೆ ಸುತ್ತಿದರೆ, ಬೆರಳು ಜುಮ್ಮೆಂದರೆ ನಿಲ್ಲಿಸಿ, ಮಾಮೂಲಿಯಾಗಿ ಉಸಿರಾಡಿ. ಆತುರದಲ್ಲಿ ಜಾಸ್ತಿ ಗಾಳಿ ಆಡಿಸಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಹೀಗಾಗುತ್ತದೆ.

ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ ಏದುಸಿರು ಬಂದಾಗ ಇನ್ನೊಂದು ಬಗೆ ಒಳ್ಳೆಯದು. ಮೂಗಿನಿಂದ ಎಳೆದು, ಬಿಸಿ ಕಾಫಿ ಊದುವಂತೆ ತುಟಿ ಕೂಡಿಸಿ ನಿಧಾನವಾಗಿ ಬಿಡಿ. ಹೊರಹೋಗುವ ಗಾಳಿಗೆ ಅಡ್ಡಿ ಸಿಕ್ಕಿ ಸಣ್ಣ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ. ಬೀಡಿ, ಹೊಗೆಯಿಂದ ಶ್ವಾಸಕೋಶ ಕೆಟ್ಟವರಿಗೆ ವೈದ್ಯರು ಹೇಳಿಕೊಡುವುದೂ ಇದನ್ನೇ.

ವಾರಗಟ್ಟಲೆ ಬಿಡದೆ ಮಾಡಿದರೆ ಬಿಪಿ ಸ್ವಲ್ಪ ಇಳಿಯಬಹುದು, ಆತಂಕ ತಗ್ಗಬಹುದು. ಹಾಗಂತ ಬಿಪಿ ಮಾತ್ರೆಯನ್ನೋ ಇನ್ಹೇಲರನ್ನೋ ನೀವಾಗಿ ಬಿಡಬೇಡಿ, ದಯವಿಟ್ಟು. ಕೆಜಿಎಫ್‌ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ಕಲ್ಲುಧೂಳು ಕುಡಿದ ಶ್ವಾಸಕೋಶದ ಗಾಯ ಗಣಿ ಮುಚ್ಚಿದರೂ ಮಾಯುವುದಿಲ್ಲ. ಯಾವ ಉಸಿರಾಟವೂ ಅದನ್ನು ಮಾಯಿಸದು. ಕಲ್ಲು ಕ್ವಾರಿಯಲ್ಲಿ ದುಡಿಯುವವರಿಗೆ ಮೊದಲು ಬೇಕಾದದ್ದು ಧೂಳು ತಡೆಯುವ ಒಳ್ಳೆಯ ಮಾಸ್ಕು ಮತ್ತು ನೀರು ಹಾಕಿ ಧೂಳು ಅಡಗಿಸುವ ವ್ಯವಸ್ಥೆ.

ಎರಡು ವಾರ ದಾಟಿದರೂ ಕೆಮ್ಮು ನಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕ್ಷಯದ ಕಫ ಪರೀಕ್ಷೆ ಅಲ್ಲಿ ಉಚಿತ. ಎದೆ ಒತ್ತಿದಂತಾಗಿ ಬೆವರು ಸುರಿದರೆ, ತುಟಿ ನೀಲಿಗಟ್ಟಿದರೆ ಉಸಿರು ಎಣಿಸುತ್ತಾ ಕೂರಬೇಡಿ, ಕೂಡಲೇ 108ಕ್ಕೆ ಫೋನ್ ಮಾಡಿ.