ಹದಿಮೂರು ಫಾರಂ

ನನ್ನ ಮೊದಲ ಕಾದಂಬರಿ ಬರೆದದ್ದು ಮೆಟ್ರೋದಲ್ಲಿ. ಬನಶಂಕರಿಯಿಂದ ಪೀಣ್ಯ ಇಂಡಸ್ಟ್ರಿವರೆಗೆ ಸೀಟು ಸಿಕ್ಕರೆ ಅರ್ಧ ಪುಟ, ನಿಂತರೆ ನಾಲ್ಕು ಸಾಲು. ಎಲ್ಲಾ ಫೋನಿನಲ್ಲೇ. ಎರಡೂವರೆ ವರ್ಷ ಹಿಡಿಯಿತು. ಮೂವರು ಪ್ರಕಾಶಕರಿಗೆ ಕಳಿಸಿದೆ. ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಮೂರನೆಯವರು, "ಚೆನ್ನಾಗಿದೆ, ಆದ್ರೆ ಹೊಸಬರದ್ದು ಹೋಗಲ್ಲ. ಮುನ್ನೂರು ಪ್ರತಿ ನೀವೇ ಕೊಂಡುಕೊಳ್ತೀರಾ?" ಎಂದರು. ದುಡ್ಡು ನಂದೇ ಅಂದಮೇಲೆ ಪ್ರಕಾಶಕಿಯೂ ನಾನೇ ಆದರೇನು, ಅಲ್ವಾ?

ಐಎಸ್‌ಬಿಎನ್ ಅಂದರೆ ಪುಸ್ತಕದ ಗುರುತಿನ ನಂಬರ್. ಅದನ್ನು ತೆಗೆಸಿಕೊಡೋಕೆ ಒಂದು ಕಡೆ ಮೂರು ಸಾವಿರ ಕೇಳಿದರು. ಅದು ಪುಕ್ಕಟೆ! ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಆನ್‌ಲೈನಲ್ಲೇ ಅರ್ಜಿ ಹಾಕಿದೆ. ಕೆಲವು ದಿನ ಬಿಟ್ಟು 13 ಅಂಕಿಯ ನಂಬರ್ ಬಂತು.

ಪಾಡು ಶುರುವಾದದ್ದು ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸೋವಾಗ. ನಾನು ಬರೆದದ್ದು ಯೂನಿಕೋಡಿನಲ್ಲಿ, ಈಗಿನ ಫೋನುಗಳೆಲ್ಲ ಬಳಸೋ ಅಕ್ಷರ ಪದ್ಧತಿ. ಚಾಮರಾಜಪೇಟೆಯ ಡಿಟಿಪಿ ಅಕ್ಕ ಕೂತಿದ್ದು ಹಳೇ ಪೇಜ್‌ಮೇಕರ್ ಮುಂದೆ, ಅದರಲ್ಲಿ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟು. ಕನ್ವರ್ಟರ್‌ಗೆ ಹಾಕಿದರು, ಒಂದೇ ನಿಮಿಷದ ಕೆಲಸ. ಅಷ್ಟರಲ್ಲಿ ನನ್ನ ನಾಯಕಿಯ 'ರ‍್ಯಾಂಕ್' ಹೋಗಿ 'ರಾರ‍ಯಂಕ್' ಆಗಿತ್ತು. 'ಸಾಫ್ಟ್‌ವೇರ್' ಅನ್ನೋದು 'ಸಾಫ್ಟ್ವೇರ್' ಆಗಿ, ವಕಾರ ಒತ್ತಾಗಿ ಕೆಳಗೆ ಜೋತು ಬಿದ್ದಿತ್ತು. ಇಂಥ ಕಡೆ ಅಕ್ಷರಗಳನ್ನು ಅದದರ ಜಾಗದಲ್ಲಿ ಇಡೋಕೆ ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಚಿಹ್ನೆಗಳಿರುತ್ತವೆ. ಕನ್ವರ್ಟರ್ ಅವನ್ನೆಲ್ಲ ನುಂಗಿ ಹಾಕಿತ್ತು.

"ಇದೆಲ್ಲಾ ಮಾಮೂಲಿ ಮೇಡಂ, ಪ್ರೂಫಲ್ಲಿ ಹಿಡೀರಿ" ಎಂದರು ಅಕ್ಕ.

ಹಿಡಿದೆ. ಮೂರು ಸಲ ಕರಡು ತಿದ್ದಿದೆ. ಮೊದಲೆರಡು ಸಲ ನಾನೇ ಬರೆದ ಕತೆಯೊಳಗೆ ಮುಳುಗಿ ಎಷ್ಟೋ ತಪ್ಪು ಬಿಟ್ಟಿದ್ದೆ. ಮೂರನೇ ಸಲ ಕೊನೇ ಪುಟದಿಂದ ಹಿಂದಕ್ಕೆ ಓದಿದೆ, ಸ್ಕೇಲ್ ಇಟ್ಟುಕೊಂಡು, ಸಾಲು ಸಾಲಾಗಿ. ಆಗ ಕತೆ ಕಾಣಲ್ಲ, ಅಕ್ಷರ ಕಾಣುತ್ತೆ.

ಆಮೇಲೆ ಪ್ರೆಸ್ಸಿನ ಯಜಮಾನರು ಪುಟ ಎಣಿಸಿದರು. 211. ಪುಸ್ತಕ ಅಚ್ಚಾಗೋದು ಫಾರಂ ಲೆಕ್ಕದಲ್ಲಿ, ಅಂದರೆ ಒಟ್ಟಿಗೆ ಅಚ್ಚಾಗೋ ಪುಟಗಳ ಕಂತಿನ ಲೆಕ್ಕದಲ್ಲಿ. 1/8 ಡೆಮಿ ಸೈಜಿನಲ್ಲಿ ಒಂದು ಫಾರಂಗೆ 16 ಪುಟ, ಹದಿಮೂರು ಫಾರಂಗೆ 208. "ಮೂರು ಪುಟಕ್ಕೆ ಇನ್ನೊಂದು ಫಾರಂ ಯಾಕಮ್ಮಾ? ಏನಾದ್ರೂ ಕತ್ತರಿಸಿ." ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತ ದೃಶ್ಯ ತೆಗೆದೆ. ನನಗೆ ತುಂಬಾ ಇಷ್ಟವಾದ ದೃಶ್ಯ. ಆಶ್ಚರ್ಯ ಅಂದರೆ, ಓದಿದವರು ಯಾರೂ ಅಲ್ಲೇನೋ ಬಿಟ್ಟುಹೋಗಿದೆ ಅನ್ನಲಿಲ್ಲ. ನನ್ನ ಪುಸ್ತಕಕ್ಕೆ ಎಡಿಟರ್ ಇರಲಿಲ್ಲ. ಯಜಮಾನರೇ ಎಡಿಟರ್.

70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, 500 ಪ್ರತಿ. ಒಂದಕ್ಕೆ 78 ರೂಪಾಯಿ ಬಿತ್ತು, ಒಟ್ಟು 39,000. ಬೆಲೆ 220 ಇಟ್ಟೆ. ಗಾಂಧಿಬಜಾರಿನ ಅಂಗಡಿಗೆ ನೂರಕ್ಕೆ 40 ಕಮಿಷನ್, ಅಂದರೆ ನನ್ನ ಕೈಗೆ 132. ಅಚ್ಚಿನ ಖರ್ಚು ಕಳೆದರೆ 54. ಅದರಲ್ಲೇ ಮುಖಪುಟದ ಕಲಾವಿದನಿಗೆ, ಡಿಟಿಪಿಗೆ, ಆಟೋಗೆ. ಲಾಭ ಎಷ್ಟು ಅಂತ ಅಮ್ಮ ಇನ್ನೂ ಕೇಳುತ್ತಿದ್ದಾಳೆ.

ಬಿಡುಗಡೆ ಸಮಾರಂಭ ಮಾಡಲಿಲ್ಲ. ಹಾಲ್ ಬಾಡಿಗೆ, ಕಾಫಿ-ತಿಂಡಿ ಎಲ್ಲ ಸೇರಿಸಿದರೆ ನೂರು ಪ್ರತಿಯ ದುಡ್ಡು ಹೋಗುತ್ತಿತ್ತು. ವಾಟ್ಸಾಪಲ್ಲಿ ಮುಖಪುಟ ಹಾಕಿ ವಿಳಾಸ ಕೇಳಿದೆ. ಎಂಟು ತಿಂಗಳಲ್ಲಿ 312 ಹೋದವು, ಜಾಸ್ತಿ ಹೋದದ್ದು ಹಾಗೇ. ಪ್ರಕಾಶಕರಾದವರು ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು ಅಂತ 1954ರ ಕಾನೂನೇ ಇದೆ. ಅದೂ ಮೊದಲ ವಾರದಲ್ಲೇ ಕೋಲ್ಕತ್ತಕ್ಕೆ ಹೋಯಿತು. ಪ್ರಕಾಶಕಿ ಅಂತ ಸಹಿ ಹಾಕುವಾಗ ಸ್ವಲ್ಪ ಜಂಬ ಬಂದದ್ದು ನಿಜ.

ಎರಡು ತಿಂಗಳಾದ ಮೇಲೆ ಶಿವಮೊಗ್ಗದಿಂದ ಒಬ್ಬರು ಫೋನ್ ಮಾಡಿದರು. ಕತೆ ಚೆನ್ನಾಗಿದೆ ಅಂದರು, ಸುಮಾರು ಹೊತ್ತು ಮಾತಾಡಿದರು. ಇಡುವ ಮುಂಚೆ, "ಮೇಡಂ, 97ನೇ ಪುಟದಲ್ಲಿ 'ರಾರ‍ಯಂಕ್' ಅಂತಿದೆಯಲ್ಲ, ಏನದು?"

ಮಂಚದ ಕೆಳಗಿನ ಕಟ್ಟು ಬಿಚ್ಚಿ ನೋಡಿದೆ. ಇತ್ತು. ಅವತ್ತಿನಿಂದ ಪ್ರತಿ ಪಾರ್ಸಲ್ ಕಟ್ಟುವ ಮುಂಚೆ 97ನೇ ಪುಟ ತೆಗೆದು, ಕಪ್ಪು ಪೆನ್ನಿನಲ್ಲಿ ಹೊಡೆದು, ಮೇಲೆ ಸಣ್ಣಗೆ ಸರಿಯಾಗಿ ಬರೆಯುತ್ತೇನೆ. ಅದಕ್ಕೂ ಮುಂಚೆ ಹೋದ ಪ್ರತಿಗಳಲ್ಲಿ, ಕೋಲ್ಕತ್ತದ್ದರಲ್ಲೂ, ಅದು ಹಾಗೇ ಇದೆ.