ಪ್ರಶ್ನಾವಳಿ ಬಿಟ್ಟು ಪಹಣಿ ಹಿಡಿದೆ

ಪಹಣಿ (ಜಮೀನಿನ ಸರ್ಕಾರಿ ದಾಖಲೆ), ಗೇಣಿ ರಸೀದಿ ನೋಡುತ್ತಾ ಊರೂರು ತಿರುಗಿದರೆ ಅದು ರಾಜ್ಯಶಾಸ್ತ್ರ ಹೇಗಾಗುತ್ತದೆ ಅಂತ ತುಂಬಾ ಜನ ನನ್ನನ್ನು ಕೇಳಿದ್ದಾರೆ. ಆಗುತ್ತದೆ. ನನ್ನ ಪಿಎಚ್‌ಡಿ ಮುಗಿದಿದ್ದು ಅದರಿಂದಲೇ. ಈಗ ಸಾಗರದ ಕಡೆ ಕಾಲೇಜಿನಲ್ಲಿ ನನ್ನ ಪಾಠ ನಡೆಯುತ್ತಿರುವುದೂ ಅದೇ ದಾರಿಯಲ್ಲಿ. ಡಿಗ್ರಿ ಕಾಲೇಜಿನ ನಮ್ಮ ವಿಷಯದವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಬಿಎ ಮಾಡಿದ್ದು ಸಾಗರದಲ್ಲಿ, ಎಂಎ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ. ಆಮೇಲೆ ಕೆಲವು ವರ್ಷ ಅತಿಥಿ ಉಪನ್ಯಾಸಕ. ಗೇಣಿದಾರರು ಜಮೀನಿನ ಒಡೆಯರಾದ ಮೇಲೆ ಅವರ ರಾಜಕೀಯ ಏನಾಯಿತು, ಇದು ಸಂಶೋಧನೆಯ ವಿಷಯ. ಸಾಗರ, ಸೊರಬ, ಹೊಸನಗರ ಮೂರು ತಾಲ್ಲೂಕು. ಇದು 1951ರ ಕಾಗೋಡು ಸತ್ಯಾಗ್ರಹ ನಡೆದ ನೆಲ. ಗೇಣಿ ಅಳೆಯುವ ಕೊಳಗದ ತಕರಾರು ಅಷ್ಟು ದೊಡ್ಡ ಹೋರಾಟವಾಯಿತು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಇಲ್ಲಿಂದಲೇ ಗೆದ್ದು ವಿಧಾನಸಭೆಗೆ ಹೋದರು. ಇಲ್ಲಿ ಹುಟ್ಟಿದವನು ಬೇರೆ ವಿಷಯ ಯಾಕೆ ಹುಡುಕಬೇಕು?

ಮೊದಲು ಎಲ್ಲರಂತೆ ಪ್ರಶ್ನಾವಳಿ ಮಾಡಿಸಿದೆ. ಸುಮಾರು ಮುನ್ನೂರು ಪ್ರತಿ. ಜೆರಾಕ್ಸು, ಪೆಟ್ರೋಲು, ತುಂಬಿಸಲು ಬಂದ ಹುಡುಗರ ಕೂಲಿ ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಹೋಯಿತು. ಆಗ ನನಗೆ ಅದು ಸುಮಾರು ಮೂರು ತಿಂಗಳ ಸಂಬಳ. ಬಂದ ಉತ್ತರಗಳು ಎಂಥವು? "ಭೂಸುಧಾರಣೆಯಿಂದ ಅನುಕೂಲ ಆಗಿದೆಯೇ?" "ಆಗಿದೆ ಸಾರ್." "ಪಂಚಾಯಿತಿ ಬಗ್ಗೆ ಅಭಿಪ್ರಾಯ?" "ಪರವಾಗಿಲ್ಲ ಸಾರ್." ಮಲೆನಾಡಿನ ಮನೆಯಲ್ಲಿ ಬಂದವರಿಗೆ ಕಾಫಿ ಕೊಡುತ್ತಾರೆ, ಅವರಿಗೆ ಬೇಕಾದ ಉತ್ತರವನ್ನೂ ಕೊಟ್ಟು ಕಳಿಸುತ್ತಾರೆ. ಆ ಕಟ್ಟು ಈಗಲೂ ಅಟ್ಟದ ಮೇಲಿದೆ. ಗುಂಪು ಚರ್ಚೆ ಮಾಡಿಸಿದೆ. ಹಳೆಯ ಒಡೆಯರ ಮನೆಯವರು ಒಬ್ಬರು ಬಂದು ಕೂತರೆ ಸಾಕು, ಉಳಿದವರು ಬಾಯಿ ಬಿಡುತ್ತಿರಲಿಲ್ಲ.

ಸೊರಬದ ಕಡೆ ಒಬ್ಬ ಅಜ್ಜ ನನ್ನ ಪ್ರಶ್ನೆ ಯಾವುದಕ್ಕೂ ಉತ್ತರ ಕೊಡಲಿಲ್ಲ. "ತಡಿ ಮಾರಾಯ" ಅಂತ ಒಳಗಿನಿಂದ ಟ್ರಂಕು ತಂದರು. ಗೇಣಿ ರಸೀದಿ, ನಮೂನೆ 7ರ (ಜಮೀನಿನ ಹಕ್ಕು ಕೇಳಿ ಗೇಣಿದಾರ ಹಾಕುವ ಅರ್ಜಿ) ನಕಲು, ಆ ಅರ್ಜಿ ತೀರ್ಮಾನಿಸಿದ ಭೂ ಟ್ರಿಬ್ಯೂನಲ್ ಆದೇಶ. ಒಂದೊಂದು ಕಾಗದ ತೆಗೆದ ಹಾಗೆ ಒಂದೊಂದು ಹೆಸರು ಬಂತು. ಅರ್ಜಿ ಬರೆದವರು ಯಾರು, ಹಾಕಬೇಡ ಎಂದವರು ಯಾರು, ಸಾಕ್ಷಿ ಹೇಳುತ್ತೇನೆ ಎಂದು ಕಡೆಗೆ ಬಾರದೇ ಹೋದವರು ಯಾರು. ಸಂಜೆಯಾದರೂ ಮಾತು ಮುಗಿಯಲಿಲ್ಲ. ಅವತ್ತಿನಿಂದ ನಾನು ಯಾರ ಅಭಿಪ್ರಾಯವನ್ನೂ ಕೇಳುವುದಿಲ್ಲ. ಕಾಗದ ತೋರಿಸಿ ಎನ್ನುತ್ತೇನೆ, ಸುಮ್ಮನೆ ಕೂರುತ್ತೇನೆ.

ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ಪಾಠ ನಾವೆಲ್ಲ ಮಾಡುತ್ತೇವೆ. ಆಗಿನ ಮುಖ್ಯಮಂತ್ರಿ ದೇವರಾಜ ಅರಸು ಹೆಸರು ಹೇಳಿ, ಉಳುವವನೇ ಹೊಲದೊಡೆಯ ಅಂತ ಹೇಳಿ ಮುಂದೆ ಹೋಗುತ್ತೇವೆ. ಟ್ರಿಬ್ಯೂನಲ್ ಮುಂದೆ ವಕೀಲರು ವಾದ ಮಾಡುವಂತಿರಲಿಲ್ಲ ಎಂಬುದನ್ನು ಎಷ್ಟು ಜನ ಹೇಳುತ್ತೇವೆ? ಆ ನಿಷೇಧವನ್ನು ಸುಪ್ರೀಂ ಕೋರ್ಟ್ ತೆಗೆದಿದ್ದು 1987ರಲ್ಲಿ. ಅಲ್ಲಿಯವರೆಗೆ ಓದು ಬಾರದ ಗೇಣಿದಾರನ ಜೊತೆ ತಾಲ್ಲೂಕು ಕೇಂದ್ರಕ್ಕೆ ಹೋದವರು ಯಾರು? ನಾನು ನೋಡಿದ ಊರುಗಳಲ್ಲಿ ಹಾಗೆ ಜೊತೆಗೆ ಹೋದವರ ಮನೆಯವರೇ ಆಮೇಲೆ ಸಹಕಾರಿ ಸೊಸೈಟಿಯಲ್ಲೂ ಪಂಚಾಯಿತಿಯಲ್ಲೂ ಅಧಿಕಾರಕ್ಕೆ ಬಂದರು. ಪ್ರಬಂಧದ ಜೀವ ಇರುವುದೇ ಇಲ್ಲಿ.

ಒಂದು ಸೆಮಿನಾರಿನಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು "ಇದು ಕಂದಾಯ ಇಲಾಖೆ ಕೆಲಸ, ಥಿಯರಿ ಎಲ್ಲಿದೆ?" ಎಂದರು. ಪಿಎಚ್‌ಡಿಯ ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಅದೇ ಅಧ್ಯಾಯವನ್ನು ಹಿಡಿದು ಗಂಟೆಗಟ್ಟಲೆ ಮಾತಾಡಿದರು, ಹೊಗಳಿದರು.

ಖರ್ಚು ಈ ದಾರಿಯಲ್ಲಿ ಕಮ್ಮಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ನಕಲು ಪುಟಕ್ಕೆ 2 ರೂಪಾಯಿ. ನಕಲಿಗೆ ಒಟ್ಟು ನಾಲ್ಕೈದು ಸಾವಿರ ಆಗಿರಬಹುದು. ಜಾಸ್ತಿ ಹೋಗುವುದು ಸಮಯ. ಕಡತ ಸಿಗುತ್ತಿಲ್ಲ ಎಂಬ ಉತ್ತರ ಮೊದಲು ಬಂದೇ ಬರುತ್ತದೆ. ರೆಕಾರ್ಡ್ ರೂಮಿನಲ್ಲಿ ಯಾವ ರಿಜಿಸ್ಟರ್ ಮೊದಲು ಕೇಳಿದರೆ ಕಡತ ಸಿಗುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ವಿದ್ಯಾರ್ಥಿಗಳಿಗೆ.

ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ಚುನಾವಣೆಯ ನಮೂನೆ 20 (ಫಲಿತಾಂಶದ ಪಟ್ಟಿ) ತೆಗೆದು ಬೂತುವಾರು ಮತಗಳನ್ನು ಗೇಣಿ ಊರುಗಳ ಜೊತೆ ಹೊಂದಿಸಿದೆ. ಬೂತುಗಳು ಬದಲಾಗುತ್ತಾ ಹೋಗಿರುವುದರಿಂದ ಅರ್ಧಕ್ಕೇ ನಿಂತಿತು. ಇನ್ನೊಂದು, ಮಕ್ಕಳಿಂದ ಹಳೆಯ ಕೊಳಗಗಳನ್ನು ತರಿಸಿ ಅಕ್ಕಿ ತುಂಬಿ ತೂಕ ಹಾಕಿಸಿದ್ದು. ಒಂದು ಮನೆಯ ಅಳತೆ ಇನ್ನೊಂದಕ್ಕೆ ಸರಿ ಬರಲಿಲ್ಲ. ಕಾಗೋಡಿನ ತಕರಾರು ಏನು ಅಂತ ನಾನು ಮತ್ತೆ ವಿವರಿಸಬೇಕಾಗಲಿಲ್ಲ.

ಪಾಠಕ್ಕೂ ಈಗ ಇದೇ ಕ್ರಮ. ಹಾಬ್ಸ್, ಲಾಕ್ ಎಂಬ ರಾಜಕೀಯ ಚಿಂತಕರ ಪಾಠ ಶುರು ಮಾಡುವ ಮೊದಲು ಮನೆಯಿಂದ ಒಂದು ಸರ್ಕಾರಿ ಕಾಗದ ತನ್ನಿ ಎನ್ನುತ್ತೇನೆ. ಬಗರ್‌ಹುಕುಂ (ಅನುಮತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನಿನ) ಅರ್ಜಿ, ಹಕ್ಕುಪತ್ರ, ಪಡಿತರ ಚೀಟಿ, ಏನಾದರೂ ಸರಿ. ಶರಾವತಿ ಮುಳುಗಡೆ ಮನೆಗಳ ಮಕ್ಕಳು ತರುವುದು ಹೆಚ್ಚಾಗಿ ಅರ್ಜಿಯ ನಕಲು. ಅವರ ಊರು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಎಷ್ಟೋ ಮನೆಗಳಿಗೆ ಇನ್ನೂ ಹಕ್ಕುಪತ್ರ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. "ಸರ್, ನಮ್ಮಜ್ಜನನ್ನು ಎಬ್ಬಿಸಿ ಈ ಕಾಡಿಗೆ ಕಳಿಸಿದ್ದು ಸರ್ಕಾರವೇ ಅಲ್ವಾ? 75 ವರ್ಷದ ದಾಖಲೆ ಎಲ್ಲಿಂದ ತರೋದು?" ಅಂತ ತುಮರಿ ಕಡೆಯ ಹುಡುಗಿಯೊಬ್ಬಳು ಕೇಳಿದಳು. ಪೌರತ್ವದ ಘಟಕವನ್ನು ಆ ಪ್ರಶ್ನೆಯಿಂದಲೇ ಶುರು ಮಾಡಿದೆ. ಈಗ ಪ್ರತಿ ವರ್ಷವೂ ಅಲ್ಲಿಂದಲೇ ಶುರು. ನಮ್ಮ ವಿಷಯ ತೆಗೆದುಕೊಳ್ಳುವವರು ಮೊದಲಿಗಿಂತ ಹೆಚ್ಚು ಕಡಿಮೆ ಎರಡರಷ್ಟಾಗಿದ್ದಾರೆ.

ಮಾಡಲು ಹೊರಟವರಿಗೆ ಒಂದು ಮಾತು. ಯಾರ ಮನೆಯ ಮೂಲ ಕಾಗದವನ್ನೂ ಕಾಲೇಜಿಗೆ ತರಿಸಬೇಡಿ, ಫೋಟೋ ಸಾಕು. ನನ್ನ ಮುಂದಿನ ಕೆಲಸ ಪಹಣಿಯ 9ನೇ ಕಾಲಂ, ಅಂದರೆ ಜಮೀನಿನ ಒಡೆಯರ ಹೆಸರು ಇರುವ ಜಾಗ. ನಾನು ನೋಡಿದ ಟ್ರಿಬ್ಯೂನಲ್ ಆದೇಶಗಳಲ್ಲಿ ಹೆಚ್ಚಿನವು ಗಂಡಸರ ಹೆಸರಿನಲ್ಲಿವೆ. ಆ ಗದ್ದೆಗಳಲ್ಲಿ ನಟ್ಟಿ ಮಾಡಿದ ಹೆಂಗಸರ ಹೆಸರು ಪಹಣಿಗೆ ಯಾವಾಗ ಬಂತು, ಬಂದ ಮೇಲೆ ಗ್ರಾಮಸಭೆಯಲ್ಲಿ ಅವರ ಮಾತು ಬದಲಾಯಿತಾ ಎಂದು ಹುಡುಕುತ್ತಿದ್ದೇನೆ. ಹೊಸನಗರದ ಕಡೆ ಶುರುವಾಗಿದೆ.