ಘಾಟಿಯ ತಿರುವಿನಲ್ಲಿ 320ಡಿ: ಓಡಿಸುವ ರೀತಿ, ಹದವಾಗಿಡುವ ರೀತಿ

ನಾನು ಓಡಿಸುವುದು ಬಿಎಂಡಬ್ಲ್ಯು 3 ಸೀರೀಸ್‌ನ ಎಫ್30 ಪೀಳಿಗೆಯ 320ಡಿ. 2012ರಲ್ಲಿ ಭಾರತಕ್ಕೆ ಬಂದ ಈ ಪೀಳಿಗೆಯ ಕಾರುಗಳು ಈಗ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಕೈಗೆಟುಕುವ ಬೆಲೆಗೆ ಸಿಗುತ್ತಿವೆ. ಕೊಂಡವರು ಮೊದಲು ಮಾಡುವ ಕೆಲಸ ಹೆದ್ದಾರಿಗೆ ಒಯ್ದು ಜೋರಾಗಿ ಓಡಿಸಿ ನೋಡುವುದು. ಬೆಂಗಳೂರು–ಮೈಸೂರು ರಸ್ತೆಯಲ್ಲಿ 100ರ ಮಿತಿಯೊಳಗೆ ನೇರ ಹೋಗುವಾಗ ಇದು ಬೇರೆ ಯಾವುದೇ ಒಳ್ಳೆಯ ಡೀಸೆಲ್ ಕಾರಿನಂತೆಯೇ ಇರುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಲು ಶುರುವಾದ ಮೇಲೆ, 40–50 ಕಿ.ಮೀ. ವೇಗದಲ್ಲೇ, ಈ ಕಾರಿಗೆ ಜನ ಯಾಕೆ ಮನಸೋಲುತ್ತಾರೆ ಎಂಬುದು ಕೈಗೂ ಬೆನ್ನಿಗೂ ಗೊತ್ತಾಗುತ್ತದೆ. ಆದರೆ ಆ ಸುಖ ಟೈರು, ಬುಷ್ (ಚಕ್ರ ಹಿಡಿದ ತೋಳುಗಳ ಕೀಲಿನಲ್ಲಿರುವ ರಬ್ಬರ್), ಎಣ್ಣೆ ಸರಿಯಾಗಿರುವಷ್ಟು ಕಾಲ ಮಾತ್ರ.

ಕಾರಣ ಕಾರಿನ ಜೋಡಣೆಯಲ್ಲಿದೆ. ಉದ್ದ 4.62 ಮೀಟರ್, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.81 ಮೀಟರ್, ತೂಕ ಒಂದೂವರೆ ಟನ್ನಿನ ಆಸುಪಾಸು. ಎಂಜಿನ್ನನ್ನು ಉದ್ದುದ್ದ ಕೂರಿಸಿ ಹಿಂದಕ್ಕೆ ಸರಿಸಿದ್ದಾರೆ, ಬ್ಯಾಟರಿಯನ್ನು ಡಿಕ್ಕಿಯಲ್ಲಿಟ್ಟಿದ್ದಾರೆ. ಹೀಗಾಗಿ ಎರಡೂ ಆಕ್ಸಲ್‌ಗಳ ಮೇಲೆ ಹೆಚ್ಚುಕಡಿಮೆ ಅರ್ಧರ್ಧ ತೂಕ ಬೀಳುತ್ತದೆ. ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಗಳಿಗೆ. ಮುಂದಿನ ಟೈರುಗಳಿಗೆ ಕಾರನ್ನು ಎಳೆಯುವ ಹೊಣೆಯಿಲ್ಲ, ಅವುಗಳ ಹಿಡಿತವೆಲ್ಲ ತಿರುಗುವುದಕ್ಕೆ ಸಿಗುತ್ತದೆ. ಮುಂಚಕ್ರಕ್ಕೆ ಬಲ ಹೋಗುವ ಕಾರಿನಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ಮೂತಿ ಹೊರಕ್ಕೆ ಜಾರುತ್ತದೆ. ಇಲ್ಲಿ ಹಿಂಬದಿ ಒತ್ತಿ ಕೂತು ಕಾರನ್ನು ತಿರುವಿನಿಂದ ಮುಂದಕ್ಕೆ ತಳ್ಳುತ್ತದೆ. ಆ ತಳ್ಳುವಿಕೆ ಸೀಟಿನ ಮೂಲಕ ತಿಳಿಯಬೇಕು, ಅದಕ್ಕೇ ಕೂರುವ ಭಂಗಿ ಮುಖ್ಯ.

ಸೀಟನ್ನು ಆದಷ್ಟು ಕೆಳಗಿಳಿಸಿ. ಬ್ರೇಕನ್ನು ಪೂರ್ತಿ ತುಳಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಬೆನ್ನು ಮತ್ತು ಭುಜ ಸೀಟಿಗೆ ಅಂಟಿರುವಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲ್ತುದಿಯ ಮೇಲೆ ಕೂರಬೇಕು. ಕೈಗಳು ಒಂಬತ್ತು ಮತ್ತು ಮೂರು ಗಂಟೆಯ ಜಾಗದಲ್ಲಿರಲಿ. ಎಡಗಾಲನ್ನು ಫುಟ್‌ರೆಸ್ಟಿನ ಮೇಲೆ ಗಟ್ಟಿಯಾಗಿ ಊರಿದರೆ ತಿರುವಿನಲ್ಲಿ ಮೈ ವಾಲದಂತೆ ತಡೆಯಲು ಸ್ಟೇರಿಂಗನ್ನು ಜೋತು ಹಿಡಿಯುವ ಅಗತ್ಯ ಬೀಳುವುದಿಲ್ಲ. ಎಫ್30ರಲ್ಲಿ ಇರುವುದು ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್. ಹಳೆಯ ಹೈಡ್ರಾಲಿಕ್ ಸ್ಟೇರಿಂಗಿನಷ್ಟು ರಸ್ತೆಯ ಸುದ್ದಿ ಕೈಗೆ ಬರುವುದಿಲ್ಲ. ಬರುವ ಅಷ್ಟಿಷ್ಟನ್ನೂ ಬಿಗಿ ಹಿಡಿತ ನುಂಗಿಬಿಡುತ್ತದೆ, ಆದ್ದರಿಂದ ಬೆರಳು ಸಡಿಲವಾಗಿರಲಿ.

ತಿರುವಿನಲ್ಲಿ ನಾನು ಪಾಲಿಸುವ ಕ್ರಮ ಇದು. ರಸ್ತೆ ಇನ್ನೂ ನೇರವಿರುವಾಗಲೇ ಬ್ರೇಕಿನ ಹೆಚ್ಚಿನ ಕೆಲಸ ಮುಗಿಸುತ್ತೇನೆ. ಆಮೇಲೆ ಪೆಡಲನ್ನು ಒಮ್ಮೆಲೇ ಬಿಡದೆ, ಸ್ಟೇರಿಂಗ್ ತಿರುಗಿಸುತ್ತಾ ಮೆಲ್ಲಗೆ ಸಡಿಲಿಸುತ್ತೇನೆ. ಬ್ರೇಕಿನಿಂದ ಮುಂದಕ್ಕೆ ವಾಲಿದ ತೂಕ ಮುಂದಿನ ಟೈರುಗಳನ್ನು ಒತ್ತಿ ಹಿಡಿದಿರುತ್ತದೆ. ಪೆಡಲನ್ನು ತಟ್ಟನೆ ಬಿಟ್ಟರೆ ಮೂತಿ ಮೇಲೇಳುತ್ತದೆ, ಹಿಡಿತ ಬೇಕಾದ ಗಳಿಗೆಯಲ್ಲೇ ಕಡಿಮೆಯಾಗುತ್ತದೆ. ಸ್ಟೇರಿಂಗನ್ನು ಒಂದೇ ಸಲಕ್ಕೆ ಬೇಕಾದಷ್ಟು ತಿರುಗಿಸಿ ಹಾಗೇ ಹಿಡಿದಿರಬೇಕು. ನಡುನಡುವೆ ತಿದ್ದುತ್ತಿದ್ದೀರಿ ಎಂದರೆ ಒಳಗೆ ಬಂದ ವೇಗವೇ ಹೆಚ್ಚಾಗಿತ್ತು ಎಂದರ್ಥ. ತಿರುವಿನ ಕೊನೆ ಕಣ್ಣಿಗೆ ಬಿದ್ದ ಮೇಲೆ, ಸ್ಟೇರಿಂಗ್ ನೇರವಾಗುತ್ತಿದ್ದಂತೆ ಆಕ್ಸಿಲರೇಟರ್. ಈ ಡೀಸೆಲ್ ಎಂಜಿನ್ 1750 ಆರ್‌ಪಿಎಂನಲ್ಲೇ 380 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುತ್ತದೆ (2015ರ ನಂತರದ ಬಿ47 ಎಂಜಿನ್ನಿನಲ್ಲಿ 400). ಒದ್ದೆ ರಸ್ತೆಯಲ್ಲಿ ಕಾಲು ಅವಸರ ಮಾಡಿದರೆ ಹಿಂಬದಿ ಪಕ್ಕಕ್ಕೆ ಸರಿಯಲು ಅಷ್ಟು ಸಾಕು.

ಇದೆಲ್ಲ ನಮ್ಮ ಪಥದೊಳಗೇ ನಡೆಯಬೇಕು. ಎದುರಿನ ಪಥ ಬಳಸಿ ತಿರುವನ್ನು ನೇರ ಮಾಡಿಕೊಳ್ಳುವವರ ಕಾರಿನಲ್ಲಿ ನಾನು ಕೂರುವುದಿಲ್ಲ. ಹೇರ್‌ಪಿನ್ನಿಗೆ, ಅಂದರೆ ರಸ್ತೆ ಪೂರ್ತಿ ಹಿಂದಕ್ಕೆ ತಿರುಗುವ ಕಡಿದಾದ ತಿರುವಿಗೆ, ಮುಂಚೆ ಹಾರನ್, ಹತ್ತಿ ಬರುವ ವಾಹನಕ್ಕೆ ದಾರಿ. ಆಗುಂಬೆಯ 14 ಹೇರ್‌ಪಿನ್‌ಗಳಲ್ಲಿ ಬಸ್ಸಿಗೆ ಪೂರ್ತಿ ಅಗಲ ಬೇಕಾಗುತ್ತದೆ, ಅಲ್ಲಿ ಕಾದು ನಿಲ್ಲುವುದೇ ಸರಿ.

ಗೇರಿನ ವಿಷಯದಲ್ಲಿ, ಹತ್ತುವಾಗ ಸ್ಪೋರ್ಟ್ ಮೋಡ್ ಸಾಕು. ಝಡ್‌ಎಫ್ ಕಂಪನಿಯ ಎಂಟು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆ ಬ್ರೇಕ್ ಹಾಕಿದೊಡನೆ ತಾನೇ ಕೆಳಗಿಳಿದು ಸಿದ್ಧವಾಗಿರುತ್ತದೆ. ಇಳಿಯುವಾಗ ಲಿವರನ್ನು ಎಡಕ್ಕೆ ತಳ್ಳಿ ಮ್ಯಾನ್ಯುಯಲ್‌ಗೆ ತಂದು ಎರಡನೇ ಅಥವಾ ಮೂರನೇ ಗೇರಿನಲ್ಲಿ ಹಿಡಿದಿಡುತ್ತೇನೆ. ಇಳಿಜಾರಿನಲ್ಲಿ ಇಂಧನ ಉಳಿಸುವ ಇಕೋ ಪ್ರೊ ಮೋಡ್ ಬೇಡ. ಕೆಲವು ಕಾರುಗಳಲ್ಲಿ ಆ ಮೋಡ್ 50 ಕಿ.ಮೀ. ದಾಟಿದ ಮೇಲೆ ಎಂಜಿನ್ನಿನ ಹಿಡಿತವನ್ನು ಬಿಡಿಸಿ ಕಾರನ್ನು ತೇಲಿಸುತ್ತದೆ, ಆಗ ಇಡೀ ಹೊರೆ ಬ್ರೇಕಿನ ಮೇಲೆ ಬೀಳುತ್ತದೆ. ಕಾರು ಜಾರದಂತೆ ತಡೆಯುವ ವ್ಯವಸ್ಥೆಯಾದ ಡಿಎಸ್‌ಸಿಯ ಗುಂಡಿಯನ್ನು ಒಮ್ಮೆ ಒತ್ತಿದರೆ ಡಿಟಿಸಿ ಮೋಡ್, ಅಂದರೆ ಚಕ್ರ ಕೊಂಚ ಜಾರಲು ಅವಕಾಶ. ಒತ್ತಿ ಹಿಡಿದರೆ ಪೂರ್ತಿ ಬಂದ್. ಸಾರ್ವಜನಿಕ ರಸ್ತೆಯಲ್ಲಿ ಆ ಗುಂಡಿಯನ್ನು ಮುಟ್ಟುವ ಕಾರಣವೇ ಇಲ್ಲ.

ಈಗ ಟೈರು. ಇಷ್ಟೂ ಸೂಕ್ಷ್ಮ ರಸ್ತೆಗೆ ತಾಗುವುದು ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳ ಮೂಲಕ, ಆದ್ದರಿಂದ ದುಡ್ಡು ಮೊದಲು ಹೋಗಬೇಕಾದ್ದು ಅಲ್ಲಿಗೆ. ಈ ಕಾರುಗಳು ರನ್‌ಫ್ಲಾಟ್ ಟೈರಿನೊಂದಿಗೆ ಬಂದವು. ಗಾಳಿ ಪೂರ್ತಿ ಹೋದರೂ 80 ಕಿ.ಮೀ. ವೇಗ ಮೀರದಂತೆ ಸುಮಾರು 80 ಕಿ.ಮೀ. ದೂರ ಹೋಗಬಹುದು. ಅದಕ್ಕಾಗಿ ಟೈರಿನ ಪಕ್ಕದ ಗೋಡೆಯನ್ನು ದಪ್ಪ ಮಾಡಿರುತ್ತಾರೆ. ಆ ಗೋಡೆ ಬಾಗುವುದಿಲ್ಲ, ರಸ್ತೆ ಗುಂಡಿಯ ಪೆಟ್ಟು ನೇರ ಅಲಾಯ್ ರಿಮ್‌ಗೆ ಹೋಗುತ್ತದೆ, ರಿಮ್ ಬಿರುಕು ಬಿಡುವುದು ಹೀಗೇ. ನಾನು 17 ಇಂಚಿನ ರಿಮ್ ಇಟ್ಟುಕೊಂಡು, 225/50 ಅಳತೆಯ ಸಾಮಾನ್ಯ ಟ್ಯೂಬ್‌ಲೆಸ್ ಟೈರು ಹಾಕಿಸಿದ್ದೇನೆ. ಸವಾರಿ ಮೆತ್ತಗಾಗುತ್ತದೆ, ತಿರುವಿನ ನಡುವೆ ಹಳ್ಳ ಸಿಕ್ಕಿದರೂ ಕಾರು ಎಗರದೆ ದಾರಿ ಹಿಡಿದಿರುತ್ತದೆ. ಬದಲಿಗೆ ಪಂಕ್ಚರ್ ಕಿಟ್, ಗಾಳಿ ಪಂಪು, ಸಾಧ್ಯವಾದರೆ ಸ್ಪೇರ್ ಚಕ್ರ ಸದಾ ಜೊತೆಗಿರಬೇಕು. ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಮುಂದೆ ರನ್‌ಫ್ಲಾಟ್, ಹಿಂದೆ ಸಾಮಾನ್ಯ ಎಂದು ಬೆರೆಸಿದರೆ ಎರಡು ತುದಿ ಎರಡು ರೀತಿ ವರ್ತಿಸುತ್ತವೆ. 18 ಇಂಚು ನೋಡಲು ಚೆಂದ, ಮಲೆನಾಡಿನ ರಸ್ತೆಗೆ ಅಲ್ಲ.

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ ಟೈರಿನ ಟ್ರೆಡ್ (ಮೇಲ್ಮೈಯ ಗೀರುಗಳ ಆಳ) ಎಷ್ಟೇ ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ನಂಬುವಂತಿಲ್ಲ. ಟ್ರೆಡ್ ಆಳಕ್ಕೆ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ. ಆದರೂ ಮಲೆನಾಡಿನ ಮಳೆಗಾಲಕ್ಕೆ 3 ಮಿ.ಮೀ.ಗಿಂತ ಕಡಿಮೆಯಿದ್ದರೆ ನಾನು ಬದಲಿಸುತ್ತೇನೆ. ಗಾಳಿಯ ಒತ್ತಡವನ್ನು ಬಾಗಿಲ ಚೌಕಟ್ಟಿನ ಚೀಟಿ ನೋಡಿ, ಟೈರು ತಣ್ಣಗಿರುವಾಗ ಹಾಕಿಸಿ. ನಾಲ್ಕಕ್ಕೂ ಒಂದೇ ಒತ್ತಡ ತುಂಬುವ ರೂಢಿ ಈ ಕಾರಿಗೆ ಒಗ್ಗದು. ಗಾಳಿ ತುಂಬಿದ ಮೇಲೆ ಕಾರಿನ ಪರದೆಯ ಐಡ್ರೈವ್ ಮೆನುವಿನಲ್ಲಿ ಟೈರ್ ರೀಸೆಟ್ ಮಾಡಲೇಬೇಕು, ಇಲ್ಲದಿದ್ದರೆ ಹಳೆಯ ಲೆಕ್ಕ ಹಿಡಿದು ಸುಳ್ಳು ಎಚ್ಚರಿಕೆ ಬರುತ್ತದೆ. ಚಕ್ರದ ಬೋಲ್ಟುಗಳಿಗೆ 140 ನ್ಯೂಟನ್ ಮೀಟರ್, ಟಾರ್ಕ್ ರೆಂಚ್‌ನಲ್ಲೇ. ಗಾಳಿ ಗನ್ನಿನಲ್ಲಿ ಬಿಗಿದರೆ ರಸ್ತೆಬದಿಯಲ್ಲಿ ಬಿಚ್ಚಲು ಬರುವುದಿಲ್ಲ.

80–100ರಿಂದ ಬ್ರೇಕ್ ಹಾಕಿದಾಗ ಸ್ಟೇರಿಂಗ್ ನಡುಗುತ್ತದೆಯೇ? ಬಹಳಷ್ಟು ಗ್ಯಾರೇಜಿನವರು ಡಿಸ್ಕ್ ಸೊಟ್ಟಗಾಗಿದೆ ಎನ್ನುತ್ತಾರೆ. ಡಿಸ್ಕ್ ಬದಲಿಸುವ ಮುನ್ನ ಮುಂದಿನ ಚಕ್ರವನ್ನು ಹಿಡಿದಿರುವ ಟೆನ್ಷನ್ ಸ್ಟ್ರಟ್ ಎಂಬ ತೋಳಿನ ಬುಷ್ ನೋಡಿ. ಅದರೊಳಗೆ ದ್ರವ ತುಂಬಿರುತ್ತದೆ. ನಮ್ಮ ಹಂಪುಗಳ ಪೆಟ್ಟಿಗೆ ರಬ್ಬರ್ ಸೀಳಿ ದ್ರವ ಸೋರುತ್ತದೆ, ಬುಷ್‌ನ ಸುತ್ತ ಎಣ್ಣೆಯಂಥ ಕಲೆ ಕಾಣುತ್ತದೆ. ಎಡಬಲ ಎರಡನ್ನೂ ಒಟ್ಟಿಗೆ ಹಾಕಿಸಬೇಕು. ಬೋಲ್ಟಿನ ಕೊನೆಯ ಬಿಗಿತ ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಆಗಬೇಕು. ಲಿಫ್ಟಿನಲ್ಲಿ ಚಕ್ರ ಜೋತಿರುವಾಗ ಬಿಗಿದರೆ ಕೆಳಗಿಳಿಸಿದೊಡನೆ ರಬ್ಬರ್ ತಿರುಚಿ ಬೇಗ ಹರಿಯುತ್ತದೆ. ಇದಾದ ಮೇಲೆ ನಾಲ್ಕು ಚಕ್ರದ ಅಲೈನ್‌ಮೆಂಟ್. ಮುಂದೆ ಹೊಂದಿಸಲು ಬರುವುದು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ, ಹಿಂದೆ ಟೋ ಮತ್ತು ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಎರಡೂ ಬರುತ್ತವೆ. ಮುಂದಿನದ್ದನ್ನಷ್ಟೇ ನೋಡಿ ಕಳಿಸುವ ಅಂಗಡಿ ಬೇಡ. ಹಿಂದಿನ ಟೋ ತಪ್ಪಿದರೆ ಸ್ಟೇರಿಂಗ್ ವಕ್ರವಾಗಿ ನಿಲ್ಲುತ್ತದೆ, ಹಿಂದಿನ ಟೈರಿನ ಒಳಅಂಚು ಕಣ್ಣಿಗೆ ಕಾಣದಂತೆ ಸವೆಯುತ್ತದೆ.

ಹಂಪಿನ ಮಾತು ಬಂತು. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅಂಥದ್ದು ಈ ಕಾರಿಗೆ ತಾಗುವುದೇ ಇಲ್ಲ. ಊರೊಳಗೆ ಸಿಗುವ ಕಡಿದಾದ ದಿಬ್ಬಕ್ಕೆ ಐದು ಜನ ಕೂತಾಗ ಹೊಟ್ಟೆ ಉಜ್ಜುತ್ತದೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸಿ.

ಗೇರ್ ಎಣ್ಣೆ ಕಾರಿನ ಆಯುಷ್ಯಕ್ಕೆಲ್ಲ ಸಾಕು ಎಂಬ ಮಾತನ್ನು ನಂಬಬೇಡಿ. ಪೆಟ್ಟಿಗೆ ತಯಾರಿಸಿದ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷದೊಳಗೆ ಬದಲಿಸಲು ಹೇಳುತ್ತದೆ. ಸಿಗ್ನಲ್ಲಿಗೆ ಬಂದು ನಿಲ್ಲುವಾಗ ಎರಡರಿಂದ ಒಂದಕ್ಕೆ ಇಳಿಯುವ ಗೇರು ಜಗ್ಗಿದರೆ ಹೊತ್ತು ಮೀರುತ್ತಿದೆ ಎಂದು ತಿಳಿಯಿರಿ. ಫಿಲ್ಟರ್ ಪೆಟ್ಟಿಗೆಯ ತಳದಲ್ಲಿ ಎಣ್ಣೆ ನಿಲ್ಲುವ ಪ್ಲಾಸ್ಟಿಕ್ ಪ್ಯಾನಿನೊಳಗೇ ಸೇರಿಕೊಂಡಿದೆ, ಆದ್ದರಿಂದ ಇಡೀ ಪ್ಯಾನ್ ಹೊಸದು ಬೇಕು. ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವಿನ ಟಾರ್ಕ್ ಕನ್ವರ್ಟರ್‌ನಲ್ಲಿರುವ ಎಣ್ಣೆ ಹೊರಬರುವುದಿಲ್ಲ, ಅದು ಸರಿಯೇ. ಮಟ್ಟ ನೋಡುವುದು ಎಂಜಿನ್ ಓಡುತ್ತಿರುವಾಗ, ಎಣ್ಣೆ 30ರಿಂದ 50 ಡಿಗ್ರಿಯೊಳಗೆ ಇರುವಾಗ, ಕಾರು ಸಮತಟ್ಟಾಗಿರುವಾಗ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಲ್ಲಿ ಉಷ್ಣಾಂಶ ನೋಡದೆ ಅಂದಾಜಿನಲ್ಲಿ ತುಂಬುವವರ ಕೈಗೆ ಈ ಕೆಲಸ ಕೊಡಬೇಡಿ.

ಎಂಜಿನ್ ಆಯಿಲ್ ಬಿಎಂಡಬ್ಲ್ಯು ಲಾಂಗ್‌ಲೈಫ್-04 ಮಾನ್ಯತೆಯ 5ಡಬ್ಲ್ಯು-30. ಅದರಲ್ಲಿ ಬೂದಿ ಕಡಿಮೆ, ಬೂದಿ ಕಟ್ಟಿದ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತಾನಾಗಿ ಮತ್ತೆ ತೆರೆಯುವುದಿಲ್ಲ. ಪಟ್ಟಣದೊಳಗೇ ಓಡುವ ಕಾರನ್ನು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ 80ರ ವೇಗದಲ್ಲಿ ಎಡೆಬಿಡದೆ ಓಡಿಸಿದರೆ ಮಸಿ ಸುಟ್ಟುಹೋಗುತ್ತದೆ. ಬ್ಯಾಟರಿ ಎಜಿಎಂ (ಆಸಿಡ್ ಹೀರಿದ ಗಾಜುನಾರಿನ ಹಾಸಿರುವ) ಬಗೆಯದಾಗಿರಬೇಕು, ಹಾಕಿದ ಮೇಲೆ ಸ್ಕ್ಯಾನರ್‌ನಲ್ಲಿ ನೋಂದಾಯಿಸಬೇಕು. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ.

ಕೊಳ್ಳುವವರಿಗೆ ಎರಡು ಮಾತು. 2015ರವರೆಗೆ ಇಲ್ಲಿ ಮಾರಾಟವಾದ 320ಡಿಯಲ್ಲಿರುವುದು ಎನ್47 ಎಂಜಿನ್. ಅದರ ಟೈಮಿಂಗ್ ಚೈನ್ ಗೇರ್‌ಬಾಕ್ಸ್ ಕಡೆ, ಹಿಂಭಾಗದಲ್ಲಿದೆ. ಬದಲಿಸಬೇಕಾದರೆ ಗೇರ್‌ಬಾಕ್ಸನ್ನಾದರೂ ಎಂಜಿನ್ನನ್ನಾದರೂ ಇಳಿಸಬೇಕು, ಖರ್ಚು ದೊಡ್ಡದು. ರಾತ್ರಿಯೆಲ್ಲ ನಿಂತಿದ್ದ ಕಾರನ್ನೇ ನೋಡಲು ಹೋಗಿ, ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿರಬಾರದು. ಬಾನೆಟ್ ತೆರೆದು, ಒಬ್ಬರು ಸ್ಟಾರ್ಟ್ ಮಾಡಲಿ, ನೀವು ಎಂಜಿನ್ನಿನ ಹಿಂಭಾಗಕ್ಕೆ ಕಿವಿ ಕೊಡಿ. 1500 ಆರ್‌ಪಿಎಂ ಸುತ್ತಮುತ್ತ ಲೋಹ ಉಜ್ಜುವಂಥ ಅಥವಾ ಗಲಗಲ ಸದ್ದು ಕೇಳಿದರೆ ಬಿಟ್ಟು ಬನ್ನಿ. ದೆಹಲಿ ಸುತ್ತಮುತ್ತ ಡೀಸೆಲ್ ಕಾರಿಗೆ 10 ವರ್ಷದ ನಿರ್ಬಂಧ ಬಂದಿದ್ದರಿಂದ ಅಲ್ಲಿಯ ಕಾರುಗಳು ಅಗ್ಗವಾಗಿ ಇಲ್ಲಿಗೆ ಬಂದಿವೆ. ಎನ್‌ಒಸಿ (ಅಲ್ಲಿಯ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ), ಇಲ್ಲಿಯ ರಸ್ತೆ ತೆರಿಗೆ, ಮೇಲಿನ ಟೈರು, ಬುಷ್, ಗೇರ್ ಎಣ್ಣೆಯ ಖರ್ಚು ಎಲ್ಲವನ್ನೂ ಕೂಡಿಸಿ ನೋಡಿದ ಮೇಲೆಯೇ ಅದು ಅಗ್ಗವೋ ಅಲ್ಲವೋ ತೀರ್ಮಾನಿಸಿ.